ರಸೀದಿ ಇದೆ, ಆದರೂ ಅದು ನಮ್ಮದಲ್ವಾ?

ಓದುಗರ ಪ್ರಶ್ನೆ: ನಾವು ಮೈಸೂರಿನ ಕಡೆಯವರು, ಹನ್ನೊಂದು ವರ್ಷದಿಂದ ಅಮೆರಿಕದ ಅರಿಜೋನಾದಲ್ಲಿದ್ದೇವೆ. ಪಕ್ಕದ ಮನೆಯ ಅಜ್ಜಿ ವೃದ್ಧಾಶ್ರಮಕ್ಕೆ ಹೋಗುವಾಗ ನಮಗೊಂದು ರಟ್ಟಿನ ಪೆಟ್ಟಿಗೆ ಕೊಟ್ಟರು. ಒಳಗೆ ಚರ್ಮದ ಮುಖವಾಡ ಇದೆ. ಬಣ್ಣ ಮಾಸಿದೆ, ಮೇಲೆ ಕೆಲವು ಗರಿಗಳಿವೆ. ಅವರ ಗಂಡ 1960ರ ದಶಕದಲ್ಲಿ ಇಲ್ಲಿನ ಮೂಲನಿವಾಸಿಗಳಾದ ಹೋಪಿ ಜನರ ಊರುಗಳ ಹತ್ತಿರ ಒಬ್ಬ ವ್ಯಾಪಾರಿಯಿಂದ ದುಡ್ಡು ಕೊಟ್ಟು ತಗೊಂಡಿದ್ದಂತೆ. ರಸೀದಿಯೂ ಪೆಟ್ಟಿಗೆಯಲ್ಲೇ ಇದೆ. ಮ್ಯೂಸಿಯಂಗೆ ಕೊಡೋಣ ಅಂತ ಫೋನ್ ಮಾಡಿದರೆ, "ನಾವು ತಗೊಳ್ಳಲ್ಲ, ಹೋಪಿಯವರನ್ನೇ ಕೇಳಿ" ಅಂದರು. ಒಬ್ಬ ಸ್ನೇಹಿತರು ಆನ್‌ಲೈನ್‌ನಲ್ಲಿ ಮಾರು ಅಂತಾರೆ. ಇನ್ನೊಬ್ಬರು ಊರಿಗೆ ಬರುವಾಗ ತಂದು ಮೈಸೂರಿನ ಯಾವುದಾದರೂ ಮ್ಯೂಸಿಯಂಗೆ ಕೊಡು ಅಂತಾರೆ. ನ್ಯೂಯಾರ್ಕ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋದಾಗ ಮೂಲನಿವಾಸಿಗಳ ಎರಡು ಗ್ಯಾಲರಿ ಮುಚ್ಚಿದ್ದವು. ಐದನೇ ಕ್ಲಾಸಿನ ಮಗಳು ಯಾಕೆ ಅಂತ ಕೇಳಿದಾಗ ನಮಗೆ ಉತ್ತರ ಗೊತ್ತಿರಲಿಲ್ಲ. ವಾಪಸ್ ಕೊಟ್ಟರೆ ಅವರು ಮಳೆ ಬಿಸಿಲಿಗೆ ಇಟ್ಟು ಹಾಳು ಮಾಡ್ತಾರೆ ಅಂತಲೂ ಕೇಳಿದ್ದೇವೆ. ಹಾಗಿದ್ದರೆ ಮ್ಯೂಸಿಯಂನಲ್ಲೇ ಸುರಕ್ಷಿತ ಅಲ್ವಾ? ನಾವೇನು ಮಾಡಬೇಕು?

ಉತ್ತರ:

ನಿಮ್ಮ ಪತ್ರ ಓದಿದ ಮೇಲೆ ನಾನು ಮೊದಲು ಮಾಡಿದ ಕೆಲಸ, ಜೊತೆಗಿದ್ದ ಮೂರು ಫೋಟೋಗಳನ್ನು ಅಳಿಸಿದ್ದು. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಪೆಟ್ಟಿಗೆಯಲ್ಲಿರುವುದು ನಿಜಕ್ಕೂ ಹೋಪಿ ಜನರದ್ದಾಗಿದ್ದರೆ, ಅದರ ಚಿತ್ರ ಊರೆಲ್ಲ ಓಡಾಡುವುದು ಅವರಿಗೆ ಇಷ್ಟವಿಲ್ಲ. ಮುಖವಾಡ ಅನ್ನುವ ಮಾತೂ ಅವರಿಗೆ ಸರಿ ಕಾಣುವುದಿಲ್ಲ. "ಗೆಳೆಯ" ಎಂಬ ಅರ್ಥದ ಪದ ಬಳಸುತ್ತಾರೆ. ಕಟ್ಸಿನಾ ಎಂಬ ದೈವಗಳ ಆಚರಣೆಯಲ್ಲಿ ಬರುವ, ಜೀವ ಇರುವ ಗೆಳೆಯ. ಉಸಿರಾಡುತ್ತದೆ, ಅದಕ್ಕೆ ಮೆಕ್ಕೆಜೋಳದ ಹಿಟ್ಟು ಉಣಿಸಬೇಕು ಎಂಬ ನಂಬಿಕೆ ಅವರದು. ನೀವೂ ನಿಮ್ಮ ಫೋನಿನ ಫೋಟೋಗಳನ್ನು ಯಾವ ಗ್ರೂಪಿಗೂ ಹಾಕಬೇಡಿ.

ನಿಮ್ಮ ಮಾತಿನಲ್ಲಿ ಎರಡು ಚಿಂತೆ ಹೆಣೆದುಕೊಂಡಿವೆ. ಇದನ್ನು ಇಟ್ಟುಕೊಂಡು ನಾವೇನಾದರೂ ತಪ್ಪು ಮಾಡ್ತಿದ್ದೇವಾ ಎಂಬ ಭಯ ಒಂದು. ಹಳೆಯ, ಅಪರೂಪದ ವಸ್ತು ಕೈತಪ್ಪಿ ಹಾಳಾಗುತ್ತದಲ್ಲ ಎಂಬ ಸಂಕಟ ಇನ್ನೊಂದು. ಈ ಎರಡನೆಯದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತು ವರ್ಷ ಮ್ಯೂಸಿಯಂಗಳ ಉಗ್ರಾಣದಲ್ಲಿ ಹುಳ, ತೇವ, ಬೆಳಕು ತಾಗದಂತೆ ವಸ್ತುಗಳನ್ನು ಕಾಯುವುದೇ ನನ್ನ ಕೆಲಸವಾಗಿತ್ತು. ಹಾಳಾಗಲು ಬಿಡುವುದು ಅಂದರೆ ನನ್ನ ಕೈ ಈಗಲೂ ಹಿಂಜರಿಯುತ್ತದೆ.

ರಸೀದಿಯಿಂದ ಶುರು ಮಾಡೋಣ. ದುಡ್ಡು ಕೊಟ್ಟಿದ್ದಾರೆ, ಚೀಟಿ ಇದೆ, ಅಂದಮೇಲೆ ವಸ್ತು ಕೊಂಡವರದ್ದು ಅನ್ನುವುದು ಸಹಜ. ಆದರೆ ಮಾರಿದವರಿಗೆ ಮಾರುವ ಹಕ್ಕಿತ್ತಾ ಅನ್ನುವುದು ಅದಕ್ಕೂ ಮೊದಲಿನ ಪ್ರಶ್ನೆ. ತುಳುನಾಡಿನ ಒಂದು ದೈವಸ್ಥಾನ ನೆನಪಿಸಿಕೊಳ್ಳಿ. ದೈವದ ಮೊಗ ಅಂದರೆ ಮುಖವಾಡ, ಕಡ್ಸಲೆ ಅಂದರೆ ಕತ್ತಿ, ಆಭರಣ ಎಲ್ಲ ಭಂಡಾರದ ಮನೆಯಲ್ಲಿರುತ್ತವೆ. ಒಂದು ಮನೆತನ ತಲೆಮಾರುಗಳಿಂದ ಅದನ್ನು ಕಾಯುತ್ತದೆ, ಬೀಗದ ಕೈಯೂ ಅವರಲ್ಲೇ ಇರುತ್ತದೆ. ಹಾಗಂತ ಆ ಮನೆಯ ಒಬ್ಬ ಹುಡುಗ ಸಾಲ ತೀರಿಸಲು ಮೊಗವನ್ನು ಮಂಗಳೂರಿನ ಅಂಗಡಿಗೆ ಮಾರಿ ರಸೀದಿ ತಂದರೆ ಊರು ಒಪ್ಪುತ್ತದಾ? ಅದು ಅವನದ್ದಲ್ಲ, ಅವನಪ್ಪನದ್ದೂ ಅಲ್ಲ. ಹೋಪಿ, ಝೂನಿ, ನವಾಹೋ ಮೊದಲಾದ ಮೂಲನಿವಾಸಿ ಜನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕೆಲವು ವಸ್ತು ಒಬ್ಬರ ವಶದಲ್ಲಿರಬಹುದು, ಒಡೆತನ ಮಾತ್ರ ಇಡೀ ಸಮುದಾಯದ್ದು.

ಅಮೆರಿಕದ ಕಾನೂನೂ ಈ ಮಾತನ್ನು ಒಪ್ಪಿದೆ. 1990ರಲ್ಲಿ ಬಂದ ಆ ಕಾನೂನನ್ನು ಎಲ್ಲರೂ ಚಿಕ್ಕದಾಗಿ ನಾಗ್‌ಪ್ರಾ ಅಂತಾರೆ. ಮೂಲನಿವಾಸಿಗಳ ಅಸ್ಥಿ, ಸಮಾಧಿಯ ವಸ್ತುಗಳು, ಪೂಜೆಗೆ ಬೇಕಾದ ಪವಿತ್ರ ವಸ್ತುಗಳು, ಒಬ್ಬ ವ್ಯಕ್ತಿ ಮಾರಲಾಗದ ಸಮುದಾಯದ ಸೊತ್ತು, ಇಷ್ಟನ್ನು ಅದು ಹೆಸರಿಸುತ್ತದೆ. ಕೇಂದ್ರ ಸರ್ಕಾರದ ಹಣ ಪಡೆಯುವ ಮ್ಯೂಸಿಯಂಗಳು ಇಂಥದ್ದು ತಮ್ಮಲ್ಲಿ ಏನೇನಿದೆ ಅಂತ ಪಟ್ಟಿ ಮಾಡಬೇಕು, ಸಮುದಾಯಗಳ ಜೊತೆ ಕೂತು ಮಾತಾಡಬೇಕು, ಹಕ್ಕು ಸಾಬೀತಾದರೆ ಮರಳಿಸಬೇಕು.

ರಸೀದಿ ಎಷ್ಟು ಕಾಪಾಡುತ್ತದೆ ಅನ್ನುವುದಕ್ಕೆ ನಿಮ್ಮ ಪಕ್ಕದ ರಾಜ್ಯದ್ದೇ ಒಂದು ಪ್ರಕರಣ ಇದೆ. 1993ರಲ್ಲಿ ಒಬ್ಬ ವ್ಯಾಪಾರಿ, ತೀರಿಕೊಂಡ ನವಾಹೋ ಪೂಜಾರಿಯೊಬ್ಬರ ಹೆಂಡತಿಯಿಂದ 22 ಮುಖವಾಡಗಳನ್ನು 10,000 ಡಾಲರಿಗೆ ಕೊಂಡ. ಆಕೆ ಒಪ್ಪಿಯೇ ಕೊಟ್ಟಿದ್ದರು. ಅವನು ಅದನ್ನು ಮಾರಲು ಹೋದಾಗ, ಗಿರಾಕಿಯ ವೇಷದಲ್ಲಿ ಎದುರು ಕೂತಿದ್ದವನು ಸರ್ಕಾರದ ಅಧಿಕಾರಿ. ಶಿಕ್ಷೆಯಾಯಿತು, 1997ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ವಿಚಾರಣೆಯಲ್ಲಿ ನವಾಹೋ ಸಾಕ್ಷಿಗಳೇ ಒಂದೇ ಮಾತು ಹೇಳಲಿಲ್ಲ ಅನ್ನುವುದನ್ನೂ ಹೇಳಬೇಕು. ಮಾರಬಹುದು ಅಂದವರೂ ಇದ್ದರು, ಕೂಡದು ಅಂದವರೂ ಇದ್ದರು. ಯಾವ ಸಮುದಾಯವೂ ಒಂದೇ ಬಾಯಿಯಿಂದ ಮಾತಾಡುವುದಿಲ್ಲ. ನಮ್ಮೂರಲ್ಲಿ ಒಂದು ತೇರಿನ ದಿನ ಗೊತ್ತು ಮಾಡಲು ಎಷ್ಟು ಸಭೆ ಆಗುತ್ತದೆ!

ಹಾಗಾದರೆ ಅಷ್ಟು ಪವಿತ್ರವಾದದ್ದನ್ನು ಆಗ ಯಾಕೆ ಮಾರಿದರು? ಈ ಪ್ರಶ್ನೆ ನಿಮ್ಮ ಮನಸ್ಸಿಗೂ ಬಂದಿರಬಹುದು. 1883ರಲ್ಲಿ ಅಮೆರಿಕ ಸರ್ಕಾರ ಮೂಲನಿವಾಸಿಗಳ ಹಲವು ಕುಣಿತ, ಆಚರಣೆಗಳನ್ನು ಅಪರಾಧ ಅಂತ ಪಟ್ಟಿ ಮಾಡಿತು. ಮಕ್ಕಳನ್ನು ದೂರದ ವಸತಿ ಶಾಲೆಗಳಿಗೆ ಒಯ್ದು ಕೂದಲು ಕತ್ತರಿಸಿ, ಮನೆಮಾತು ಆಡದಂತೆ ಮಾಡಿದರು. ಆಚರಣೆ ಮಾಡಿದರೆ ಶಿಕ್ಷೆ, ಕಲಿಯಬೇಕಾದ ಮಕ್ಕಳು ಊರಲ್ಲಿಲ್ಲ, ಮನೆಯಲ್ಲಿ ಹಿಟ್ಟಿಲ್ಲ. ಅಂಥ ಮನೆಯ ಬಾಗಿಲಿಗೆ ಒಬ್ಬ ವ್ಯಾಪಾರಿ ನೋಟು ಹಿಡಿದು ಬರುತ್ತಾನೆ. ಅಲ್ಲಿ ನಡೆದ ಎಲ್ಲವನ್ನೂ ಕಳ್ಳತನ ಅನ್ನಲಾಗದು, ಮುಕ್ತ ಮನಸ್ಸಿನ ಮಾರಾಟ ಅಂತಲೂ ಅನ್ನಲಾಗದು. ರಾತ್ರೋರಾತ್ರಿ ಗುಡಿಯಿಂದ ಎತ್ತಿಕೊಂಡು ಹೋಗಿದ್ದೂ ಬೇಕಾದಷ್ಟಿದೆ. ನಿಮ್ಮ ಪೆಟ್ಟಿಗೆ ಇದರಲ್ಲಿ ಯಾವ ದಾರಿಯಿಂದ ಬಂತು ಅನ್ನುವುದು ಆ ರಸೀದಿಯಿಂದ ತಿಳಿಯುವುದಿಲ್ಲ.

ಅಸ್ಥಿಗಳ ಕಥೆ ಇನ್ನೂ ಕಷ್ಟದ್ದು. 1971ರಲ್ಲಿ ಐಯೋವಾ ರಾಜ್ಯದ ಗ್ಲೆನ್‌ವುಡ್ ಹತ್ತಿರ ರಸ್ತೆ ಕೆಲಸ ಮಾಡುವಾಗ ಹಳೆಯ ಸ್ಮಶಾನವೊಂದು ಸಿಕ್ಕಿತು. 26 ಬಿಳಿಯರ ಅಸ್ಥಿಗಳನ್ನು ಶವಪೆಟ್ಟಿಗೆಯಲ್ಲಿಟ್ಟು ಮರಳಿ ಮಣ್ಣು ಮಾಡಿದರು. ಜೊತೆಗೇ ಸಿಕ್ಕ ಮೂಲನಿವಾಸಿ ಹೆಣ್ಣುಮಗಳು ಮತ್ತು ಅವಳ ಮಗುವಿನ ಅಸ್ಥಿಯನ್ನು ಅಧ್ಯಯನಕ್ಕೆ ಅಂತ ಪೆಟ್ಟಿಗೆಗೆ ಹಾಕಿ ಕಳಿಸಿದರು. ರಸ್ತೆ ಇಲಾಖೆಯಲ್ಲಿದ್ದ ಒಬ್ಬರು ಸಂಜೆ ಮನೆಗೆ ಬಂದು ಹೆಂಡತಿಗೆ ಇದನ್ನು ಹೇಳಿದರು. ಆಕೆ ಮಾರಿಯಾ ಪಿಯರ್ಸನ್, ಯಾಂಕ್ಟನ್ ಡಕೋಟಾ ಜನಾಂಗದವರು. ತಮ್ಮ ಸಂಪ್ರದಾಯದ ಉಡುಗೆ ಉಟ್ಟು ಸೀದಾ ಗವರ್ನರ್ ಕಚೇರಿಗೆ ಹೋದರು. ಆಕೆ ಬೆನ್ನು ಬಿಡದೆ ಹೋರಾಡಿದ್ದರಿಂದ 1976ರಲ್ಲಿ ಐಯೋವಾದಲ್ಲಿ ಮೂಲನಿವಾಸಿಗಳ ಅಸ್ಥಿಗೆ ರಕ್ಷಣೆ ಕೊಡುವ ಕಾನೂನು ಬಂತು. ನಾಗ್‌ಪ್ರಾಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಆಕೆಯ ಹೆಸರು ಮೊದಲು ಬರುತ್ತದೆ. ಒಂದೇ ಗುಂಡಿಯ ಹತ್ತಿರ ಎರಡು ಥರದ ಪೆಟ್ಟಿಗೆ. ಇದನ್ನು ಬರೆಯುವಾಗ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು ಮಗಳ ಪ್ರಶ್ನೆ. ಕಾನೂನು ಬಂದು ಮೂವತ್ತು ವರ್ಷ ಕಳೆದರೂ ಮ್ಯೂಸಿಯಂ, ವಿಶ್ವವಿದ್ಯಾಲಯಗಳ ಕಪಾಟುಗಳಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಮೂಲನಿವಾಸಿಗಳ ಅಸ್ಥಿಗಳು ಉಳಿದೇ ಇದ್ದವು. "ಇದು ಯಾವ ಜನಾಂಗದ್ದು ಅಂತ ಖಚಿತವಿಲ್ಲ" ಅಂತ ಬರೆದು ಕೂತುಬಿಡುವುದು ಸುಲಭವಾಗಿತ್ತು. ಅದಕ್ಕೇ ನಿಯಮ ಬಿಗಿ ಮಾಡಿದರು. 2024ರ ಜನವರಿ 12ರಿಂದ, ಈ ಬಗೆಯ ವಸ್ತುಗಳನ್ನು ಪ್ರದರ್ಶನಕ್ಕಿಡಲು, ಅಧ್ಯಯನಕ್ಕೆ ಕೊಡಲು ಆಯಾ ಸಮುದಾಯದ ಒಪ್ಪಿಗೆ ಮೊದಲೇ ಪಡೆಯಬೇಕು. ಪಟ್ಟಿ ಸರಿಪಡಿಸಲು ಐದು ವರ್ಷ ಗಡುವು. ಆ ತಿಂಗಳ ಕೊನೆಗೇ ನ್ಯೂಯಾರ್ಕ್‌ನವರು ಎರಡು ದೊಡ್ಡ ಗ್ಯಾಲರಿ ಮುಚ್ಚಿದರು. ಶಿಕಾಗೋದ ಫೀಲ್ಡ್ ಮ್ಯೂಸಿಯಂ ಕೆಲವು ಗಾಜಿನ ಕಪಾಟುಗಳಿಗೆ ಪರದೆ ಹಾಕಿತು. ಮಗಳಿಗೆ ಹೀಗೆ ಹೇಳಿ: ಆ ವಸ್ತುಗಳ ಮನೆಯವರನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ, ಈಗ ಕೇಳುತ್ತಿದ್ದಾರೆ. ಅವಳಿಗೆ ಇಷ್ಟು ಸಾಕು.

ನಿಮಗೆ ಮ್ಯೂಸಿಯಂನವರು ಬೇಡ ಅಂದದ್ದೂ ಇದೇ ಕಾರಣಕ್ಕೆ. ನಾಳೆ ಮರಳಿಸಬೇಕಾದ ವಸ್ತುವನ್ನು ಇವತ್ತು ದಾನವಾಗಿ ತಗೊಂಡರೆ ನಡುವೆ ಇನ್ನೊಬ್ಬ ಮಾಲೀಕ ಹುಟ್ಟಿಕೊಂಡಂತೆ. ಅವರು ನಿಮಗೆ ಸರಿಯಾದ ದಾರಿಯನ್ನೇ ತೋರಿಸಿದ್ದಾರೆ.

ಹೀಗೇ ಆದರೆ ಮ್ಯೂಸಿಯಂಗಳು ಖಾಲಿಯಾಗುತ್ತವೆ ಅನ್ನುವ ಮಾತನ್ನು ನನ್ನ ಸಹೋದ್ಯೋಗಿಗಳ ಬಾಯಲ್ಲೇ ಕೇಳಿದ್ದೇನೆ. ಖಾಲಿಯಾಗಿಲ್ಲ. ಕಾನೂನು ಹೆಸರಿಸುವುದು ಕೆಲವೇ ಬಗೆಯ ವಸ್ತುಗಳನ್ನು. ಮಡಕೆ, ಬುಟ್ಟಿ, ಬೆಳ್ಳಿ ಒಡವೆ, ಮಾರಾಟಕ್ಕೆಂದೇ ಮಾಡಿದ ಕಟ್ಸಿನಾ ಗೊಂಬೆಗಳು ಬೇಕಾದಷ್ಟಿವೆ. ಹೋಪಿ ಕಲಾವಿದರು ಇವತ್ತಿಗೂ ಅವನ್ನು ಕೆತ್ತಿ ಮಾರುತ್ತಾರೆ, ಕೊಂಡರೆ ಅವರಿಗೆ ಅನ್ನ. ಗೊಂಬೆ ಬೇರೆ, ನಿಮ್ಮ ಪೆಟ್ಟಿಗೆಯಲ್ಲಿರುವುದು ಬೇರೆ. ಇನ್ನು ಝೂನಿ ಜನರ ನಿಲುವು ನೋಡಿ. ಮ್ಯೂಸಿಯಂನಲ್ಲಿರುವ ಪೂರ್ವಜರ ಅಸ್ಥಿಗಳನ್ನು ವಾಪಸ್ ಕೊಡಿ ಅಂತ ಅವರು ಕೇಳಲಿಲ್ಲ. ಒಮ್ಮೆ ಅಗೆದು ತೆಗೆದಾಗಲೇ ಆಗಬಾರದ್ದು ಆಗಿಹೋಯಿತು, ಅದನ್ನು ಸರಿಪಡಿಸುವ ಆಚರಣೆ ನಮ್ಮಲ್ಲಿಲ್ಲ, ನೀವೇ ಗೌರವದಿಂದ ನೋಡಿಕೊಳ್ಳಿ ಅಂದರು. ಅಂದರೆ ಕೇಳಿದವರೆಲ್ಲ ಎಲ್ಲವನ್ನೂ ಬಾಚಿಕೊಂಡು ಹೋಗುವುದಿಲ್ಲ.

ಅದೇ ಝೂನಿಗಳು ಹಟ ಹಿಡಿದು ಕೇಳಿದ್ದು ಅಹಯೂದ ಎಂಬ ಮರದ ಮೂರ್ತಿಗಳನ್ನು. ನಿಮ್ಮ "ಹಾಳು ಮಾಡ್ತಾರೆ" ಅನ್ನುವ ಮಾತಿನ ಬೇರು ಬಹುಶಃ ಇಲ್ಲಿದೆ. ಅಹಯೂದ ಅಂದರೆ ಅವಳಿ ಯುದ್ಧ ದೇವರು. ಚಳಿಗಾಲದ ಅತಿ ದೀರ್ಘ ರಾತ್ರಿಯ ಸಮಯದಲ್ಲಿ ಜಿಂಕೆ ಕುಲ, ಕರಡಿ ಕುಲದ ಹಿರಿಯರು ಅವುಗಳನ್ನು ಕೆತ್ತುತ್ತಾರೆ. ಬಯಲಿನ ಗುಡಿಯಲ್ಲಿ ಇಡುತ್ತಾರೆ. ಹೊಸದು ಬಂದಾಗ ಹಳೆಯದು ಪಕ್ಕದ ರಾಶಿಗೆ ಸೇರುತ್ತದೆ. ಅಲ್ಲಿ ಮಳೆ, ಹಿಮ, ಗಾಳಿಗೆ ನಿಧಾನವಾಗಿ ಮಣ್ಣಾಗುತ್ತದೆ. ಮಣ್ಣಾಗುತ್ತಾ ಅದರ ಶಕ್ತಿ ಲೋಕಕ್ಕೆಲ್ಲ ಕಾವಲಾಗುತ್ತದೆ ಎಂಬುದು ನಂಬಿಕೆ. ಆ ರಾಶಿಯಿಂದ ಎತ್ತಿಕೊಂಡು ಬಂದವರು, "ಬಿಸಾಡಿದ್ದರು, ನಾವು ಉಳಿಸಿದೆವು" ಅಂದರು.

ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಕಷ್ಟವಾಗಬಾರದು. ಚೌತಿಯ ಗಣಪತಿಯನ್ನು ಕೆರೆಗೆ ಬಿಟ್ಟ ಮೇಲೆ ಮಣ್ಣು ಕರಗುತ್ತದೆ. ಹಾಳಾಯಿತು ಅಂತ ಯಾರಾದರೂ ಅಳುತ್ತಾರಾ? ಯಾರೋ ಹೊರಗಿನವರು ರಾತ್ರಿ ನೀರಿಗಿಳಿದು, ಅರ್ಧ ಕರಗಿದ ಮೂರ್ತಿ ಎತ್ತಿ ಒಣಗಿಸಿ ಗಾಜಿನೊಳಗೆ ಇಟ್ಟರೆ ನಮಗೆ ಹೇಗನಿಸುತ್ತದೆ? ಕರಗದೆ ಉಳಿದ ಗಣಪತಿ ನೋಡಿದರೆ ನಮ್ಮ ಅಜ್ಜಿಯರಿಗೆ ಎದೆ ಧಸಕ್ ಅನ್ನುತ್ತಿತ್ತು. ಹೋಲಿಕೆ ಪೂರಾ ಹೊಂದುವುದಿಲ್ಲ, ಅವರ ದೇವರು ಅವರದೇ. ಆದರೂ ಒಂದು ವಸ್ತುವಿಗೆ ಮುಗಿಯುವ ಹಕ್ಕು ಇರಬಹುದು ಅನ್ನುವುದು ನಮಗೆ ಹೊಸದಲ್ಲ.

ಝೂನಿಗಳು 1978ರಲ್ಲಿ ಕೇಳಲು ಶುರು ಮಾಡಿದರು. ಆಗ ನಾಗ್‌ಪ್ರಾ ಇರಲಿಲ್ಲ. ಮಾತಿನಿಂದಲೇ, ತಾಳ್ಮೆಯಿಂದಲೇ ಒಂದೊಂದು ಮ್ಯೂಸಿಯಂ, ಒಬ್ಬೊಬ್ಬ ಸಂಗ್ರಾಹಕರನ್ನು ಒಪ್ಪಿಸಿದರು. 1990ರ ದಶಕದ ಮೊದಲ ವರ್ಷಗಳ ಹೊತ್ತಿಗೆ 60ಕ್ಕೂ ಹೆಚ್ಚು ಅಹಯೂದ ಮರಳಿದ್ದವು. ಅವುಗಳಿಗೆ ಕಳ್ಳರು ನುಗ್ಗದಂತೆ ಕಾವಲು ಮಾಡಿ, ಮೇಲೆ ಮಾತ್ರ ಆಕಾಶಕ್ಕೆ ತೆರೆದಿಟ್ಟ ಜಾಗ ಕಟ್ಟಿದರು. ಮಳೆ ಬೀಳಬೇಕಲ್ಲ.

ನನ್ನ ಕೆಲಸದ ಒಂದು ದಿನ ಹೇಳುತ್ತೇನೆ. ಒಂದು ಸಮುದಾಯದ ಮೂವರು ಹಿರಿಯರು ನಮ್ಮ ಉಗ್ರಾಣಕ್ಕೆ ಬಂದಿದ್ದರು. ನಾನು ಹೆಮ್ಮೆಯಿಂದಲೇ ಡ್ರಾಯರ್ ಎಳೆದೆ. ಒಳಗಿನ ವಸ್ತುವಿಗೆ ಆಮ್ಲವಿಲ್ಲದ ಕಾಗದ, ಅದರ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಚೀಲ, ಮೂಲೆಯಲ್ಲಿ ನನ್ನದೇ ಕೈಬರಹದ ನಂಬರ್ ಚೀಟಿ. ಪುಸ್ತಕದಲ್ಲಿ ಹೇಗಿದೆಯೋ ಹಾಗೇ. ಅವರಲ್ಲಿ ಹಿರಿಯಾಕೆ ಸ್ವಲ್ಪ ಹೊತ್ತು ನೋಡಿದರು. "ಎಷ್ಟು ದಿನದಿಂದ ಉಸಿರು ಕಟ್ಟಿದೆ?" ಅಂತ ಕೇಳಿದರು. ಕೋಪ ಇರಲಿಲ್ಲ, ನಮ್ಮಜ್ಜಿ ಬಿಸಿಲಲ್ಲಿ ನಿಂತ ಕರುವನ್ನು ನೋಡಿ ಕೇಳುವಂಥ ದನಿ. ಒಂಬತ್ತು ವರ್ಷ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಮಾರನೇ ದಿನದಿಂದ ಆ ಕಪಾಟಿನ ಚೀಲಗಳನ್ನೆಲ್ಲ ತೆಗೆದು, ಉಸಿರಾಡುವ ಹತ್ತಿ ಬಟ್ಟೆ ಹೊದಿಸಿದೆವು. ಹುಳ ಬರಲಿಲ್ಲ. ಗಮನ ಇಟ್ಟು ನೋಡಿಕೊಂಡರೆ ಬರುವುದೂ ಇಲ್ಲ.

ಮ್ಯೂಸಿಯಂನಲ್ಲಿ ಸುರಕ್ಷಿತ ಅನ್ನುವ ಮಾತಿಗೆ ಇನ್ನೊಂದು ಮುಖವೂ ಇದೆ, ಅದು ವಿಷ. ಹಿಂದಿನ ಕಾಲದಲ್ಲಿ ಹುಳ ಬಾರದಿರಲಿ ಅಂತ ಚರ್ಮ, ಗರಿ, ಉಣ್ಣೆಯ ಮೇಲೆ ಆರ್ಸೆನಿಕ್ ಪುಡಿ, ಪಾದರಸದ ಲವಣ ಬಳಿಯುತ್ತಿದ್ದರು. ಅದು ಹೋಗುವುದಿಲ್ಲ. ಹೋಪಿ ಜನರಿಗೆ ಮರಳಿ ಬಂದ ಕೆಲವು ವಸ್ತುಗಳಲ್ಲಿ 1990ರ ದಶಕದಲ್ಲಿ ಆರ್ಸೆನಿಕ್ ಪತ್ತೆಯಾಯಿತು. ಮುಖಕ್ಕೆ ಧರಿಸುವ ವಸ್ತು, ಮನೆಗೆ ತಂದು ಊಟ ಉಣಿಸುವ ವಸ್ತು. ಕಾಪಾಡಿದ್ದೇ ಮುಳುವಾಯಿತು. ಈಗ ಮರಳಿಸುವ ಮೊದಲು ಮ್ಯೂಸಿಯಂಗಳು ಇಂಥ ವಿಷ ಬಳಸಿದ್ದು ಗೊತ್ತಿದ್ದರೆ ತಿಳಿಸಲೇಬೇಕು. ನಿಮ್ಮ ಪೆಟ್ಟಿಗೆಯದೂ ಹಳೆಯ ಸಂಗ್ರಹದಿಂದ ಬಂದಿರಬಹುದು. ನೋಡಿ ಹೇಳಲು ಆಗುವುದಿಲ್ಲ. ಆದ್ದರಿಂದ ಬರಿಗೈಯಲ್ಲಿ ಮುಟ್ಟಬೇಡಿ, ಮಗಳ ಕೈಗೆ ಕೊಡಬೇಡಿ, ಧೂಳು ಒರೆಸಬೇಡಿ, ಊದಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಮಾರುವುದನ್ನು ಮನಸ್ಸಿನಿಂದಲೇ ತೆಗೆದುಹಾಕಿ. ನವಾಹೋ ಪ್ರಕರಣ ಹೇಳಿದೆನಲ್ಲ. ಜೊತೆಗೆ ಅದರಲ್ಲಿ ಗರಿಗಳಿವೆ. ಹದ್ದಿನ ಗರಿಯಾಗಿದ್ದರೆ ಮಾರುವುದೇ ಅಪರಾಧ, ಅನುಮತಿ ಇಲ್ಲದೆ ಇಟ್ಟುಕೊಳ್ಳುವುದಕ್ಕೂ ಬಿಗಿ ನಿಯಮಗಳಿವೆ. ಹಾಗಂತ ಗರಿ ಕಿತ್ತು ಬಿಸಾಡುವುದು ಇನ್ನೂ ದೊಡ್ಡ ತಪ್ಪು.

ಮೈಸೂರಿಗೆ ತರುವುದು ಅದಕ್ಕಿಂತ ಅಪಾಯ. 2013ರಲ್ಲಿ ಪ್ಯಾರಿಸ್‌ನಲ್ಲಿ ಹೋಪಿಗಳ ಇಂಥ ಸುಮಾರು 70 ವಸ್ತುಗಳನ್ನು ಹರಾಜು ಹಾಕಿದರು. ಬೇಡಿಕೊಂಡರೂ ಅಲ್ಲಿನ ಕೋರ್ಟ್ ತಡೆಯಲಿಲ್ಲ. ಅದೇ ವರ್ಷ ಡಿಸೆಂಬರ್‌ನ ಇನ್ನೊಂದು ಹರಾಜಿನಲ್ಲಿ ಅಮೆರಿಕದ ಆನೆನ್‌ಬರ್ಗ್ ಫೌಂಡೇಶನ್ ಸದ್ದಿಲ್ಲದೆ 24 ವಸ್ತುಗಳನ್ನು ಕೊಂಡು, 21 ಹೋಪಿಗಳಿಗೆ, 3 ಸ್ಯಾನ್ ಕಾರ್ಲೋಸ್ ಅಪಾಚಿ ಎಂಬ ಇನ್ನೊಂದು ಮೂಲನಿವಾಸಿ ಸಮುದಾಯಕ್ಕೆ ಮರಳಿಸಿತು. ನ್ಯೂ ಮೆಕ್ಸಿಕೋದ ಅಕೋಮಾ ಊರಿನಿಂದ 1970ರ ದಶಕದಲ್ಲಿ ಕಳುವಾದ ಗುರಾಣಿಯೊಂದು ಪ್ಯಾರಿಸ್ ಹರಾಜಿನಲ್ಲಿ ಕಾಣಿಸಿಕೊಂಡು, ಊರು ಸೇರಲು 2019 ಬರಬೇಕಾಯಿತು. ದೇಶ ದಾಟಿದ ಮೇಲೆ ಕಾನೂನಿನ ಕೈ ಎಷ್ಟು ಗಿಡ್ಡ ಅಂತ ಇದರಿಂದ ಗೊತ್ತಾಯಿತು. ಹಾಗಾಗಿ 2022ರ ಡಿಸೆಂಬರ್‌ನಲ್ಲಿ, ಇಂಥ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯುವುದನ್ನು ತಡೆಯುವ ಹೊಸ ಕಾನೂನು ಬಂತು. ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಸೂಟ್‌ಕೇಸಿನಲ್ಲಿ ಅದು ಸಿಕ್ಕರೆ ಕಷ್ಟ ನಿಮ್ಮದು, ವೀಸಾದ್ದೂ ಸೇರಿ.

ನಮ್ಮ ದೇಶವೂ ಇದೇ ನೋವಿನ ಇನ್ನೊಂದು ತುದಿಯಲ್ಲಿದೆ ಅನ್ನುವುದನ್ನು ನಿಮ್ಮ ಸ್ನೇಹಿತರಿಗೆ ಹೇಳಿ. 2024ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಹರಾಜು ಮನೆಯೊಂದು ಒಬ್ಬ ನಾಗಾ ಪೂರ್ವಜರ ತಲೆಬುರುಡೆಯನ್ನು ಮಾರಾಟದ ಪಟ್ಟಿಗೆ ಹಾಕಿತ್ತು. ನಾಗಾಲ್ಯಾಂಡಿನ ಜನ ದನಿ ಎತ್ತಿದ ಮೇಲೆ ಹರಾಜು ಮನೆಯವರು ಅದನ್ನು ಪಟ್ಟಿಯಿಂದ ತೆಗೆದರು. ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿರುವ ತಮ್ಮ ಪೂರ್ವಜರ ಅಸ್ಥಿಗಳಿಗಾಗಿ ನಾಗಾ ಜನ ಈಗಲೂ ಮಾತುಕತೆಯಲ್ಲಿದ್ದಾರೆ. 2022ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಏಳು ವಸ್ತುಗಳನ್ನು ಭಾರತಕ್ಕೆ ಮರಳಿಸಲು ಸಹಿ ಹಾಕಿದಾಗ ನಾವೆಲ್ಲ ಖುಷಿಪಟ್ಟೆವು. ನಮಗೆ ಬೇಕಾದ ನ್ಯಾಯ ಹೋಪಿಗಳಿಗೂ ಬೇಕಲ್ವಾ?

ಸುಮ್ನೆ ಇಟ್ಟುಕೊಳ್ಳಬಹುದಾ ಅಂದರೆ, ಖಾಸಗಿಯವರ ಮನೆಗೆ ಬಂದು ಕೊಡಿ ಅಂತ ನಾಗ್‌ಪ್ರಾ ಕೇಳುವುದಿಲ್ಲ. ಆದರೆ ಗರಿಗಳ ಕಾನೂನು ಬೇರೆ, ವಸ್ತು ಕಳವಾಗಿದ್ದರೆ ಆ ಮಾತೂ ಬೇರೆ. ನಾನು ವಕೀಲನಲ್ಲ, ಈ ಭಾಗಕ್ಕೆ ಅಲ್ಲಿನ ವಕೀಲರೊಬ್ಬರನ್ನು ಅರ್ಧ ಗಂಟೆ ಕೇಳಿ.

ನನ್ನ ಅಭಿಪ್ರಾಯ ಸ್ಪಷ್ಟ: ಹೋಪಿ ಸಮುದಾಯವನ್ನೇ ಸಂಪರ್ಕಿಸಿ. ಅವರದೇ ಸಂಸ್ಕೃತಿ ರಕ್ಷಣಾ ಕಚೇರಿ ಕೈಕೋಟ್ಸ್‌ಮೋವಿ ಊರಿನಲ್ಲಿದೆ, ನಿಮ್ಮದೇ ರಾಜ್ಯದಲ್ಲಿ. ಇದರಲ್ಲೂ ತೊಡಕು ಇಲ್ಲದಿಲ್ಲ. ಉತ್ತರ ಬರಲು ತಿಂಗಳುಗಳೇ ಬೇಕಾಗಬಹುದು, ಅವರ ಆಚರಣೆಯ ದಿನಗಳಲ್ಲಿ ಇನ್ನೂ ತಡವಾಗಬಹುದು. ಇದು ನಮ್ಮದಲ್ಲ, ಝೂನಿಗಳದ್ದು ಅನ್ನಬಹುದು. ಪ್ರವಾಸಿಗರಿಗೆ ಮಾಡಿದ ನಕಲು ಅನ್ನಬಹುದು. ತಗೊಂಡ ಮೇಲೆ ಏನು ಮಾಡಿದರು ಅಂತ ನಿಮಗೆ ಹೇಳದೆಯೂ ಇರಬಹುದು, ಫೋಟೋ, ಸಮಾರಂಭ ಏನೂ ಇರಲಿಕ್ಕಿಲ್ಲ. ಅದಕ್ಕೆ ಮನಸ್ಸನ್ನು ಮೊದಲೇ ಸಿದ್ಧ ಮಾಡಿಕೊಳ್ಳಿ. ಕೊಟ್ಟ ಮೇಲೆ ಲೆಕ್ಕ ಕೇಳಬೇಡಿ.

ಮೇಲ್ ಚಿಕ್ಕದಾಗಿರಲಿ. ಯಾರು ಕೊಟ್ಟರು, ಎಲ್ಲಿಂದ ಬಂತು ಅಂತ ಗೊತ್ತಿದ್ದಷ್ಟು ಬರೆಯಿರಿ. ಫೋಟೋ ಲಗತ್ತಿಸಬೇಡಿ, ಬೇಕಾದರೆ ಅವರೇ ಕೇಳುತ್ತಾರೆ. ವಿಷ ಬಳಿದಿರಬಹುದು, ಪರೀಕ್ಷೆ ಆಗಿಲ್ಲ ಅಂತ ಒಂದು ಸಾಲು ಸೇರಿಸಿ. ಅಲ್ಲಿಯವರೆಗೆ ಪ್ಲಾಸ್ಟಿಕ್ ಸುತ್ತಿದ್ದರೆ ಕೈಗವಸು ಹಾಕಿ ಬಿಚ್ಚಿ. ರಟ್ಟಿನ ಪೆಟ್ಟಿಗೆಗೆ ಎರಡು ತೂತು ಮಾಡಿ, ಒಗೆದ ಬಿಳಿ ಹತ್ತಿ ಬಟ್ಟೆ ಹೊದಿಸಿ, ಮಕ್ಕಳ ಕೈಗೆ ಸಿಗದ ಒಣ ಜಾಗದಲ್ಲಿಡಿ. ಮಗುಚಿ ಇಡಬೇಡಿ, ಮೇಲೆ ಏನನ್ನೂ ಪೇರಿಸಬೇಡಿ.

ಅಜ್ಜಿ ಇನ್ನೂ ಮಾತಾಡುವ ಸ್ಥಿತಿಯಲ್ಲಿದ್ದರೆ ಈ ವಾರವೇ ಹೋಗಿ ನೋಡಿ. ಗಂಡ ಯಾವ ಊರು, ಯಾವ ಅಂಗಡಿ ಅಂತ ಏನಾದರೂ ಹೇಳಿದ್ದರಾ ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ. ಹೋಪಿಗಳಿಗೆ ಆ ಕಾಗದ ಬಹಳ ಉಪಯೋಗಕ್ಕೆ ಬರುತ್ತದೆ. ರಸೀದಿಯನ್ನೂ ಅದರ ಜೊತೆಗಿಡಿ. ಅಸಲು ಅವರಿಗೆ ಕೊಡಿ, ಜೆರಾಕ್ಸ್ ನಿಮ್ಮಲ್ಲಿರಲಿ.